ಹಳೆಯ ಲ್ಯಾಪ್‌ಟಾಪಿಗೆ ಹೊಸ ಡೆಬಿಯನ್ ಯಾಕೆ ಸಿಗುವುದಿಲ್ಲ?



ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳು ಕುವೈತಿನಲ್ಲಿರುವ ನಮಗೆಲ್ಲ ಗೊತ್ತು. ಅಲ್ ರೈಯ ಶುಕ್ರವಾರದ ಸಂತೆಯೂ ಗೊತ್ತು. ಹಳೆಯ ಲ್ಯಾಪ್‌ಟಾಪ್ ಒಂದನ್ನು ಕಡಿಮೆ ದಿನಾರಿಗೆ ಕೊಂಡು ಅಥವಾ ಮನೆಯ ಕಪಾಟಿನಲ್ಲಿ ಬಿದ್ದಿದ್ದನ್ನೇ ತೆಗೆದು ಒರೆಸಿ, ರಜೆಗೆ ಹೋಗುವಾಗ ಊರಿಗೆ ಒಯ್ಯುವವರು ನಮ್ಮಲ್ಲಿ ಬಹಳ. ಅಕ್ಕನ ಮಕ್ಕಳಿಗೆ ಇರಬಹುದು, ತಾವು ಕಲಿತ ಶಾಲೆಗೆ ಇರಬಹುದು. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ವಿಂಡೋಸ್ ಇದರಲ್ಲಿ ಓಡುವುದಿಲ್ಲ ಮಾರಾಯ್ರೇ, ಲಿನಕ್ಸ್ ಹಾಕಿ ಕೊಡಿ." ಒಳ್ಳೆಯ ಸಲಹೆಯೇ. ಆದರೆ 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ನೇ ಆವೃತ್ತಿಯನ್ನು ತುಂಬ ಹಳೆಯ ಲ್ಯಾಪ್‌ಟಾಪಿಗೆ ಹಾಕಲು ಹೊರಟರೆ ಕೆಲಸ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನೆಲ್ ಕೂಡ ಇಲ್ಲ.

ಎರಡು ದಶಕಗಳಿಗೂ ಹೆಚ್ಚು ಕಾಲ ಡೆಬಿಯನ್ನಿನ ಮುಖ್ಯ ಆಧಾರವೇ ಆಗಿದ್ದ ಯಂತ್ರವನ್ನು ಅವರು ಕೈಬಿಟ್ಟದ್ದು ಯಾಕೆ? ಇದನ್ನು ತಿಳಿಯಬೇಕಾದರೆ, ಒಂದು ಲಿನಕ್ಸ್ ಸಂಸ್ಥೆ ಒಂದೇ ಬಿಡುಗಡೆಯನ್ನು ಹಲವು ಬಗೆಯ ಯಂತ್ರಗಳಿಗೆ ಒಟ್ಟಿಗೆ ಹೇಗೆ ಹೊರಡಿಸುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ತಾಂತ್ರಿಕ ಮಾತು ಎಂದು ಹೆದರಬೇಡಿ, ನಿಧಾನವಾಗಿ ಹೋಗೋಣ.

ಮೊದಲು ಆರ್ಕಿಟೆಕ್ಚರ್ ಎಂಬ ಪದ. ಕಂಪ್ಯೂಟರಿನ ಪ್ರೊಸೆಸರ್ ಒಂದೊಂದು ಜಾತಿಯದಕ್ಕೆ ಒಂದೊಂದು ಭಾಷೆ. ನಿಮ್ಮ ಆಫೀಸಿನ ಲ್ಯಾಪ್‌ಟಾಪಿನದು ಬಹುತೇಕ ಎಎಂಡಿ64. ಇಂಟೆಲ್ ಪ್ರೊಸೆಸರ್ ಇದ್ದರೂ ಇದೇ ಹೆಸರು, ಏಕೆಂದರೆ ಆ 64 ಬಿಟ್ ಭಾಷೆಯನ್ನು ಮೊದಲು ರೂಪಿಸಿದ್ದು ಎಎಂಡಿ ಕಂಪನಿ. ಕೈಯಲ್ಲಿರುವ ಫೋನಿನದು ಎಆರ್‌ಎಂ. ಬ್ಯಾಂಕುಗಳ ದೊಡ್ಡ ಐಬಿಎಂ ಮೇನ್‌ಫ್ರೇಮಿನದು ಎಸ್390ಎಕ್ಸ್. ಪ್ರೋಗ್ರಾಮರ್ ಬರೆಯುವ ಮೂಲ ಕೋಡ್ ಒಂದೇ. ಅದನ್ನು ಪ್ರತಿಯೊಂದು ಪ್ರೊಸೆಸರಿನ ಭಾಷೆಗೆ ಬೇರೆ ಬೇರೆಯಾಗಿ ಕಂಪೈಲ್ ಮಾಡಬೇಕು. ಹಿಟ್ಟು ಒಂದೇ ಆದರೂ ಕಬ್ಬಿಣದ ಕಾವಲಿಯಲ್ಲಿ ಹೊಯ್ದ ದೋಸೆ ಬೇರೆ, ನಾನ್‌ಸ್ಟಿಕ್‌ನಲ್ಲಿ ಹೊಯ್ದದ್ದು ಬೇರೆ ಎಂಬುದು ಅಡುಗೆ ಮನೆಯಲ್ಲಿ ನಿಂತವರಿಗೆ ಗೊತ್ತೇ ಇದೆ.

ಹೀಗೆ ಕಂಪೈಲ್ ಮಾಡಿ, ಹಾಕುವುದಕ್ಕೂ ತೆಗೆಯುವುದಕ್ಕೂ ಸುಲಭವಾಗುವಂತೆ ಕಟ್ಟಿದ್ದೇ ಪ್ಯಾಕೇಜ್. ಡೆಬಿಯನ್ 13ರಲ್ಲಿ ಇಂಥ ಪ್ಯಾಕೇಜುಗಳು ಸುಮಾರು 70 ಸಾವಿರ. ಎಲ್ಲವನ್ನೂ ಎಲ್ಲ ಯಂತ್ರಗಳಿಗೂ ಬೇರೆ ಬೇರೆ ಕಟ್ಟಬೇಕಾಗಿಲ್ಲ. ಇಲ್ಲಿ ನಮ್ಮ ಕನ್ನಡದ್ದೇ ಉದಾಹರಣೆ ಇದೆ. ಡೆಬಿಯನ್ನಿನಲ್ಲಿ ಕನ್ನಡದ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಪ್ಯಾಕೇಜುಗಳಾಗಿ ಇವೆ. ಫಾಂಟ್ ಎಂದರೆ ಅಕ್ಷರದ ಆಕಾರಗಳ ಕಡತ. ಅದು ಪ್ರೊಸೆಸರಿನ ಭಾಷೆ ಮಾತನಾಡುವುದಿಲ್ಲ. ಹಾಗಾಗಿ ಒಮ್ಮೆ ಕಟ್ಟಿದರೆ ಎಲ್ಲ ಯಂತ್ರಗಳಿಗೂ ಅದೇ ನಡೆಯುತ್ತದೆ. ಇಂಥವಕ್ಕೆ "ಆಲ್" ಎಂದು ಚೀಟಿ ಅಂಟಿಸುತ್ತಾರೆ.

ಆದರೆ ಫಾಂಟ್ ಇದ್ದ ಮಾತ್ರಕ್ಕೆ ಕನ್ನಡ ಕಾಣಿಸುವುದಿಲ್ಲ. ಯಾವ ಅಕ್ಷರಕ್ಕೆ ಯಾವ ಒತ್ತು, ಅರ್ಕಾವತ್ತು ಎಲ್ಲಿ ಕೂರಬೇಕು ಎಂದು ಲೆಕ್ಕ ಹಾಕಿ ಜೋಡಿಸುವ ಒಂದು ಪ್ರೋಗ್ರಾಂ ಬೇಕು. ಲಿನಕ್ಸಿನಲ್ಲಿ ಆ ಕೆಲಸ ಹಾರ್ಫ್‌ಬಜ್‌ನದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲವೂ ಅದನ್ನೇ ಬಳಸುತ್ತವೆ. ಹೆಸರು ಪರ್ಷಿಯನ್ನಿನಿಂದ ಬಂದದ್ದು. ಹರ್ಫ್ ಎಂದರೆ ಅಕ್ಷರ ಎಂದು ಇಲ್ಲಿ ಅರಬಿ ಕಿವಿಗೆ ಬಿದ್ದವರಿಗೆ ತಟ್ಟನೆ ಹೊಳೆಯುತ್ತದೆ. ಕುವೈತಿನ ಅಂಗಡಿಯ ಬಿಲ್ಲಿನ ಅರಬಿಯನ್ನೂ ನಿಮ್ಮ ತಾಯಿಗೆ ಬರೆದ ಕನ್ನಡವನ್ನೂ ಜೋಡಿಸಬಲ್ಲದ್ದು ಈ ಒಂದೇ ಪ್ರೋಗ್ರಾಂ. ಇದು "ಆಲ್" ಅಲ್ಲ. ಇದನ್ನು ಒಂದೊಂದು ಆರ್ಕಿಟೆಕ್ಚರಿಗೂ ಪ್ರತ್ಯೇಕವಾಗಿ ಕಂಪೈಲ್ ಮಾಡಲೇಬೇಕು.

ಕೋಡ್ ಒಂದೇ ಅಲ್ಲವೇ, ಒಂದು ಕಡೆ ಸರಿಯಿದ್ದರೆ ಎಲ್ಲ ಕಡೆಯೂ ಸರಿಯಿರಬೇಕಲ್ಲ ಎಂದು ಕೇಳುವಿರಿ. ಇಲ್ಲ. ಎರಡು ಉದಾಹರಣೆ ಕೊಡುತ್ತೇನೆ, ಎರಡೂ "ಕ" ಅಕ್ಷರದ್ದೇ.

ಯೂನಿಕೋಡಿನಲ್ಲಿ "ಕ"ದ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಬರೆದರೆ ಸೊನ್ನೆ-ಸಿ ಮತ್ತು 95. ಸಾಮಾನ್ಯ ಪಿಸಿಗಳು ಸಂಖ್ಯೆಯ ಚಿಕ್ಕ ತುದಿಯನ್ನು ಮೊದಲು ಇಡುತ್ತವೆ, ಐಬಿಎಂ ಮೇನ್‌ಫ್ರೇಮ್ ದೊಡ್ಡ ತುದಿಯನ್ನು ಮೊದಲು ಇಡುತ್ತದೆ. ಪ್ರೋಗ್ರಾಮರ್ ಇದನ್ನು ಗಮನಿಸದೆ ಬರೆದಿದ್ದರೆ, ಒಂದರಲ್ಲಿ ಉಳಿಸಿದ "ಕ" ಇನ್ನೊಂದರಲ್ಲಿ 95 ಮತ್ತು ಸೊನ್ನೆ-ಸಿ ಆಗಿ ತಿರುಗಿ, ಚೀನೀ ಲಿಪಿಯ ಒಂದು ಅಕ್ಷರವಾಗಿ ಕಾಣುತ್ತದೆ! ಡೆಬಿಯನ್ 13ರ ಅಧಿಕೃತ ಆರ್ಕಿಟೆಕ್ಚರುಗಳಲ್ಲಿ ಹೀಗೆ ದೊಡ್ಡ ತುದಿ ಮೊದಲು ಇಡುವುದು ಎಸ್390ಎಕ್ಸ್ ಒಂದೇ.

ಎರಡನೆಯದು ಇನ್ನೂ ಸೂಕ್ಷ್ಮ. ಇಂದು ಕನ್ನಡ ಹೆಚ್ಚಾಗಿ ಓಡಾಡುವುದು ಯುಟಿಎಫ್-8 ರೂಪದಲ್ಲಿ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ಮೂರು ಬೈಟು, ಮೊದಲನೆಯದರ ಬೆಲೆ 224. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಪಿಸಿಯಲ್ಲಿ ಆ ಬೈಟನ್ನು, ಬೇರೆ ಏನೂ ಹೇಳದಿದ್ದರೆ, ಮೈನಸ್ 32 ಎಂದು ಓದುತ್ತದೆ. ಎಆರ್‌ಎಂ ಲಿನಕ್ಸಿನಲ್ಲಿ 224 ಎಂದೇ ಓದುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೆ ಇರುವುದರಿಂದ ಅವರಿಗೆ ಈ ತೊಂದರೆ ಕಾಣುವುದೇ ಇಲ್ಲ. ಎಷ್ಟೋ ತಪ್ಪುಗಳು ಇಂಗ್ಲಿಷ್ ಬರೆಯುವವರ ಪಿಸಿಯಲ್ಲಿ ವರ್ಷಗಟ್ಟಲೆ ಮಲಗಿದ್ದು, ಬೇರೆ ಲಿಪಿ ಬಂದಾಗ, ಬೇರೆ ಪ್ರೊಸೆಸರ್ ಬಂದಾಗ ಎದ್ದು ಕೂರುತ್ತವೆ. ಹಲವು ಆರ್ಕಿಟೆಕ್ಚರುಗಳಲ್ಲಿ ಕಂಪೈಲ್ ಮಾಡಿ ಪರೀಕ್ಷಿಸುವುದರಿಂದ ಮೇನ್‌ಫ್ರೇಮಿನವರಿಗೆ ಮಾತ್ರ ಲಾಭ ಎಂದು ತಿಳಿಯಬೇಡಿ, ನಮಗೂ ಲಾಭ.

ಇನ್ನು ಸ್ಟೇಬಲ್ ಎಂಬ ಪದ. ಸ್ಟೇಬಲ್ ಎಂದರೆ ದೋಷವೇ ಇಲ್ಲದ್ದು ಎಂದು ಬಹಳ ಜನ ತಿಳಿದಿದ್ದಾರೆ. ಡೆಬಿಯನ್ನಿನಲ್ಲಿ ಅದರ ಅರ್ಥ, ಇನ್ನು ಬದಲಾಗುವುದಿಲ್ಲ ಎಂದು. ಬಿಡುಗಡೆಯ ದಿನ ಯಾವ ಪ್ಯಾಕೇಜಿನ ಯಾವ ಆವೃತ್ತಿ ಇತ್ತೋ ಅದೇ ಕೊನೆಯವರೆಗೆ. ಭದ್ರತೆಯ ತೂತು ಸಿಕ್ಕಿದರೆ ಸಾಮಾನ್ಯವಾಗಿ ಹೊಸ ಆವೃತ್ತಿಯನ್ನು ತಂದು ಹಾಕುವುದಿಲ್ಲ. ಹೊಸದರಿಂದ ಬೇಕಾದಷ್ಟು ತುಂಡನ್ನು ಮಾತ್ರ ಕತ್ತರಿಸಿ ಹಳೆಯದಕ್ಕೆ ತೇಪೆ ಹಾಕುತ್ತಾರೆ. ಹಾಗೆ ತೇಪೆ ಹಾಕಿದ್ದನ್ನು ಮತ್ತೆ ಎಲ್ಲ ಆರ್ಕಿಟೆಕ್ಚರುಗಳಿಗೂ ಕಂಪೈಲ್ ಮಾಡುತ್ತಾರೆ.

ಪ್ಯಾಕೇಜಿನ ಪ್ರಯಾಣ ಶುರುವಾಗುವುದು ಅನ್‌ಸ್ಟೇಬಲ್ ಎಂಬ ಕಟ್ಟೆಯಿಂದ. ಅದರ ಅಡ್ಡಹೆಸರು ಸಿಡ್. ಡೆಬಿಯನ್ ಬಿಡುಗಡೆಗಳಿಗೆಲ್ಲ ಟಾಯ್ ಸ್ಟೋರಿ ಸಿನಿಮಾದ ಪಾತ್ರಗಳ ಹೆಸರು, ಸಿಡ್ ಎಂದರೆ ಅದರಲ್ಲಿ ಆಟಿಕೆ ಮುರಿಯುವ ಹುಡುಗ. ಹೆಸರಿಗೆ ತಕ್ಕ ಜಾಗವೇ. ಅಲ್ಲಿಗೆ ಹೊಸ ಆವೃತ್ತಿ ಬಂದ ಕೂಡಲೇ ಪ್ರತಿ ಆರ್ಕಿಟೆಕ್ಚರಿನ ಕಂಪೈಲ್ ಯಂತ್ರಗಳು ಅದನ್ನು ಎತ್ತಿಕೊಳ್ಳುತ್ತವೆ. ಸಾಮಾನ್ಯವಾಗಿ 5 ದಿನ ಕಾದು, ದೊಡ್ಡ ದೋಷದ ವರದಿ ಬರದಿದ್ದರೆ, ಪರೀಕ್ಷೆಗಳು ಪಾಸಾದರೆ, ಟೆಸ್ಟಿಂಗ್ ಎಂಬ ಎರಡನೆಯ ಕಟ್ಟೆಗೆ ದಾಟಿಸುತ್ತಾರೆ. ದಾಟಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಪ್ರೋಗ್ರಾಮಿಗೆ ಬ್ರಿಟ್ನಿ ಎಂದು ಹೆಸರು. ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಅನ್ನು ಹೆಪ್ಪುಗಟ್ಟಿಸಿ, ದೋಷಗಳನ್ನು ಮಾತ್ರ ತಿದ್ದುತ್ತಾ ಹೋಗಿ, ಕೊನೆಗೆ ಅದನ್ನೇ ಸ್ಟೇಬಲ್ ಎಂದು ಹೊರಡಿಸುತ್ತಾರೆ. ಡೆಬಿಯನ್ 13ಕ್ಕೆ ಈ ಹೆಪ್ಪುಗಟ್ಟುವ ಕೆಲಸ 2025ರ ಮಾರ್ಚ್ 15ಕ್ಕೆ ಶುರುವಾಗಿತ್ತು, ಅಂದರೆ ಬಿಡುಗಡೆಗೆ ಸುಮಾರು ಐದು ತಿಂಗಳು ಮೊದಲು.

ಈಗ ಮುಖ್ಯ ನಿಯಮಕ್ಕೆ ಬಂದೆವು. ಒಂದು ಪ್ಯಾಕೇಜ್ ಟೆಸ್ಟಿಂಗಿಗೆ ದಾಟಬೇಕಾದರೆ, ಅದು ಈ ಮೊದಲು ಯಾವ ಯಾವ ಆರ್ಕಿಟೆಕ್ಚರುಗಳಲ್ಲಿ ಇತ್ತೋ ಅಲ್ಲೆಲ್ಲ ಹೊಸ ಆವೃತ್ತಿಯೂ ಕಂಪೈಲ್ ಆಗಿರಬೇಕು. ಎಎಂಡಿ64ರಲ್ಲಿ ಎಲ್ಲ ಸರಿಯಿದ್ದು, ಮೇನ್‌ಫ್ರೇಮಿನಲ್ಲಿ ಮಾತ್ರ ಕಂಪೈಲ್ ಆಗಲಿಲ್ಲ ಎನ್ನಿ, ಪ್ಯಾಕೇಜ್ ಎಲ್ಲರಿಗೂ ನಿಂತೇ ಇರುತ್ತದೆ. ಅದನ್ನು ಅವಲಂಬಿಸಿದ ಬೇರೆ ಪ್ಯಾಕೇಜುಗಳೂ ಅದರ ಹಿಂದೆ ಸಾಲು ನಿಲ್ಲುತ್ತವೆ. ಆ ಯಂತ್ರದಲ್ಲಿ ಇನ್ನು ಈ ಪ್ಯಾಕೇಜ್ ಬೇಡ ಎಂದು ಕೇಳಿ ತೆಗೆಸುವ ದಾರಿಯೂ ಇದೆ. ಆದರೆ ಅದು ಕೊನೆಯ ದಾರಿ. ಗಾಡಿಯ ವೇಗ ಅತಿ ನಿಧಾನದ ಎತ್ತಿನ ವೇಗ ಎಂದಾಯಿತು.

ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದಲ್ಲ. ಜೆಂಟೂ ಎಂಬ ಇನ್ನೊಂದು ಲಿನಕ್ಸಿನಲ್ಲಿ ಪ್ರತಿ ಪ್ಯಾಕೇಜಿನ ಕಡತದಲ್ಲೇ ಆರ್ಕಿಟೆಕ್ಚರುಗಳ ಪಟ್ಟಿ ಇರುತ್ತದೆ. ಹೆಸರಿನ ಮುಂದೆ ಅಲೆಯಂಥ ಒಂದು ಗೆರೆ ಇದ್ದರೆ ಇನ್ನೂ ಪರೀಕ್ಷೆಯಲ್ಲಿದೆ ಎಂದರ್ಥ. ಸುಮಾರು 30 ದಿನ ದೊಡ್ಡ ದೂರು ಬರದಿದ್ದರೆ, ಆ ಆರ್ಕಿಟೆಕ್ಚರಿನಲ್ಲಿ ಪರೀಕ್ಷಿಸಿ ಗೆರೆ ಅಳಿಸುತ್ತಾರೆ. ಒಂದೊಂದು ಆರ್ಕಿಟೆಕ್ಚರಿಗೆ ಒಂದೊಂದು ಆವೃತ್ತಿ ಸ್ಟೇಬಲ್ ಆಗಿರಲು ಅಲ್ಲಿ ಅಡ್ಡಿಯಿಲ್ಲ. ಯಾರೂ ಯಾರನ್ನೂ ಕಾಯಬೇಕಿಲ್ಲ, ಆದರೆ "ಇದು ಜೆಂಟೂವಿನ ಇಂಥ ಬಿಡುಗಡೆ" ಎಂದು ಎಲ್ಲ ಯಂತ್ರಗಳ ಬಗ್ಗೆ ಒಂದೇ ಮಾತು ಹೇಳಲು ಅಲ್ಲಿ ಆಗುವುದಿಲ್ಲ. ಶಾಲೆಗೆ ಕೊಡುವ ಯಂತ್ರಕ್ಕಾದರೆ ನಾನು ಡೆಬಿಯನ್ನಿನ ಕ್ರಮವನ್ನೇ ಮೆಚ್ಚುತ್ತೇನೆ. ಒಬ್ಬ ಮೇಷ್ಟ್ರು ಒಂದು ಕಂಪ್ಯೂಟರಿನಲ್ಲಿ ಕಲಿತದ್ದು ಪಕ್ಕದ ಕಂಪ್ಯೂಟರಿನಲ್ಲೂ ಹಾಗೆಯೇ ನಡೆಯಬೇಕು.

ಎಲ್ಲರನ್ನೂ ಕಾಯುವ ಈ ಕ್ರಮದ ಭಾರ ಎಷ್ಟು ಎಂಬುದು ಡೆಬಿಯನ್ನಿಗೆ 2005ರಲ್ಲಿ ಚೆನ್ನಾಗಿ ತಿಳಿಯಿತು. ಇಯನ್ ಮುರ್ಡಾಕ್ 1993ರ ಆಗಸ್ಟ್‌ನಲ್ಲಿ ಶುರು ಮಾಡಿದಾಗ ಇದ್ದದ್ದು ಪಿಸಿ ಒಂದೇ. 1998ರ ಬಿಡುಗಡೆಯಲ್ಲಿ ಎರಡನೆಯ ಆರ್ಕಿಟೆಕ್ಚರ್ ಸೇರಿತು. 2002ರ ಜುಲೈ ಹೊತ್ತಿಗೆ ಸಂಖ್ಯೆ 11 ಆಗಿತ್ತು. ಆಮೇಲಿನ ಬಿಡುಗಡೆ ಸಾರ್ಜ್ ಹೊರಬರಲು 2005ರ ಜೂನ್ ಆಯಿತು, ಸುಮಾರು ಮೂರು ವರ್ಷ. ಅದಕ್ಕೆ ಸ್ವಲ್ಪ ಮೊದಲು, ಮಾರ್ಚ್‌ನಲ್ಲಿ, ಬಿಡುಗಡೆಯ ಹೊಣೆ ಹೊತ್ತವರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ, ಇನ್ನು ಮುಂದೆ ನಾಲ್ಕು ಆರ್ಕಿಟೆಕ್ಚರುಗಳು ಮಾತ್ರ ಸಾಕು ಎಂಬ ಪ್ರಸ್ತಾವ ಮುಂದಿಟ್ಟರು. ದೊಡ್ಡ ಗಲಾಟೆಯೇ ಆಯಿತು. ಸಾರ್ಜ್ 11ರಲ್ಲೂ ಹೊರಬಂತು. ಆದರೆ ಆ ಜಗಳದಿಂದ ಒಂದು ಒಳ್ಳೆಯದಾಯಿತು. ಒಂದು ಆರ್ಕಿಟೆಕ್ಚರ್ ಬಿಡುಗಡೆಯಲ್ಲಿ ಉಳಿಯಬೇಕಾದರೆ ಏನಿರಬೇಕು ಎಂಬುದಕ್ಕೆ ಲಿಖಿತ ಮಾನದಂಡ ಬಂತು: ಆ ಯಂತ್ರ ಇನ್ನೂ ಕೊಳ್ಳಲು ಸಿಗುತ್ತದೆಯೇ, ಕಂಪೈಲ್ ಮಾಡಲು ಸಾಕಷ್ಟು ಯಂತ್ರಗಳಿವೆಯೇ, ಎಲ್ಲದಕ್ಕಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳಲು ಜನ ಇದ್ದಾರೆಯೇ. ಆ ಜನರಿಗೆ ಪೋರ್ಟರ್ ಎನ್ನುತ್ತಾರೆ. ವಿಮಾನ ನಿಲ್ದಾಣದ ಪೋರ್ಟರ್ ನೆನಪಾದರೆ ತಪ್ಪಿಲ್ಲ, ಇವರೂ ಹೊರೆ ಹೊರುವವರೇ. ಹೆಚ್ಚಿನವರು ಸ್ವಯಂಸೇವಕರು.

ಅಂದಿನಿಂದ ಪಟ್ಟಿ ಕರಗುತ್ತಲೂ ಬೆಳೆಯುತ್ತಲೂ ಇದೆ. ಆಲ್ಫಾ ಹೋಯಿತು, ಸ್ಪಾರ್ಕ್ ಹೋಯಿತು, ಹಳೆಯ ಆಪಲ್ ಯಂತ್ರಗಳ ಪವರ್‌ಪಿಸಿ 2017ರ ಬಿಡುಗಡೆಯಲ್ಲಿ ಇರಲಿಲ್ಲ. ಡೆಬಿಯನ್ 12ರಲ್ಲಿ 9 ಇದ್ದವು, 13ರಲ್ಲಿ 7. ಅಧಿಕೃತ ಪಟ್ಟಿಯಿಂದ ಬಿಟ್ಟುಹೋದವು ಸತ್ತವೆಂದಲ್ಲ. ಡೆಬಿಯನ್ ಪೋರ್ಟ್ಸ್ ಎಂಬ ಹೊರಜಗಲಿಯಲ್ಲಿ ಕೆಲವನ್ನು ಈಗಲೂ ಕಂಪೈಲ್ ಮಾಡುತ್ತಿದ್ದಾರೆ. ಆ ಜಗಲಿಯಿಂದಲೇ ಒಳಗೆ ಬಂದವೂ ಇವೆ. ರಿಸ್ಕ್-5 ಅಲ್ಲಿ ವರ್ಷಗಟ್ಟಲೆ ಬೆಳೆದು, 2023ರಲ್ಲಿ ಮುಖ್ಯ ಭಂಡಾರಕ್ಕೆ ಬಂದು, 13ರಲ್ಲಿ ಮೊದಲ ಬಾರಿಗೆ ಸ್ಟೇಬಲ್ ಪಂಕ್ತಿಯಲ್ಲಿ ಕೂತಿದೆ.

ಹಾಗಾದರೆ ನಮ್ಮ 32 ಬಿಟ್ ಪಿಸಿ, ಡೆಬಿಯನ್ನಿನ ಭಾಷೆಯಲ್ಲಿ ಐ386, ಯಾಕೆ ಹೊರಬಿತ್ತು? ಅಂಥ ಯಂತ್ರ ಹೊಸದಾಗಿ ಯಾರೂ ಕೊಳ್ಳುವುದಿಲ್ಲ, ನೋಡಿಕೊಳ್ಳುವ ಜನರೂ ಕಡಿಮೆಯಾದರು. ಇದರ ಜೊತೆಗೆ ಗಡಿಯಾರದ ಸಮಸ್ಯೆಯೂ ಇತ್ತು. ಹಳೆಯ 32 ಬಿಟ್ ಲಿನಕ್ಸ್ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 32 ಬಿಟ್ ಡಬ್ಬದಲ್ಲಿ ಎಣಿಸುತ್ತದೆ. ಆ ಡಬ್ಬ 2038ರ ಜನವರಿ 19ರಂದು, ಕುವೈತಿನ ಗಡಿಯಾರದಲ್ಲಿ ಬೆಳಿಗ್ಗೆ 6 ಗಂಟೆ 14 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಕ್ಷಣ ಯಂತ್ರ 1901ನೇ ಇಸವಿ ಎಂದು ತಿಳಿಯುತ್ತದೆ. ಇದನ್ನು ಸರಿಪಡಿಸಲು 2024ರಲ್ಲಿ 32 ಬಿಟ್ ಎಆರ್‌ಎಂ ಆರ್ಕಿಟೆಕ್ಚರುಗಳಿಗೆ ದೊಡ್ಡ ಡಬ್ಬ ಜೋಡಿಸಿದರು. ನೂರಾರು ಲೈಬ್ರರಿಗಳ ಹೆಸರು ಬದಲಾಯಿಸಿ, ಅವನ್ನು ಅವಲಂಬಿಸಿದ್ದನ್ನೆಲ್ಲ ಮತ್ತೆ ಕಂಪೈಲ್ ಮಾಡಿದ ಆ ಕೆಲಸ ಅನ್‌ಸ್ಟೇಬಲನ್ನು ತಿಂಗಳುಗಟ್ಟಲೆ ಕಲಕಿಬಿಟ್ಟಿತು. ಐ386ಕ್ಕೆ ಮಾತ್ರ ಬೇಕೆಂದೇ ಜೋಡಿಸಲಿಲ್ಲ. ಅದರ ಉಳಿದ ಉಪಯೋಗವೇ 64 ಬಿಟ್ ಯಂತ್ರದ ಮೇಲೆ ಹಳೆಯ ಆಟಗಳನ್ನೂ ಹಳೆಯ ಪ್ರೋಗ್ರಾಂಗಳನ್ನೂ ಓಡಿಸುವುದು, ಡಬ್ಬ ಬದಲಾದರೆ ಅವು ಓಡುವುದಿಲ್ಲ. ಹೀಗಾಗಿ 13ರಲ್ಲಿ ಐ386 ಪ್ಯಾಕೇಜುಗಳು ಇವೆ, ಆದರೆ ಸ್ವಂತ ಮನೆಯಿಲ್ಲದ ಬಾಡಿಗೆದಾರನಂತೆ.

ಇದು ಸರಿಯೇ? ನನ್ನ ಮಟ್ಟಿಗೆ ಸರಿ. ನೋಡಿಕೊಳ್ಳುವವರಿಲ್ಲದೆ ಹೆಸರಿಗೆ ಮಾತ್ರ ಪಟ್ಟಿಯಲ್ಲಿ ಉಳಿಸಿ, ಭದ್ರತೆಯ ತೇಪೆ ತಡವಾಗಿ ಬರುವುದಕ್ಕಿಂತ, ಆಗುವುದಿಲ್ಲ ಎಂದು ಮೊದಲೇ ಹೇಳುವುದು ಒಳ್ಳೆಯದು. ಆದರೆ ಇದರ ನಷ್ಟ ಯಾರಿಗೆ ಎಂಬುದನ್ನೂ ಹೇಳಬೇಕು. ಹೊಸದನ್ನು ಕೊಳ್ಳಬಲ್ಲ ನಮಗಲ್ಲ, ನಾವು ದಾನ ಕೊಟ್ಟದ್ದನ್ನು ಹತ್ತು ವರ್ಷ ಬಳಸುವ ಶಾಲೆಗೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನೇ ನೋಡಿ. ಕೇರಳದ ಸರಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಇದೆ. ಅದು ಉಬುಂಟುವಿನ ಮೇಲೆ ಕಟ್ಟಿದ್ದು, ಉಬುಂಟು ಡೆಬಿಯನ್ನಿನ ಮೇಲೆ ಕಟ್ಟಿದ್ದು. ಮೇಲಿನ ಹೊಳೆಯಲ್ಲಿ ಒಂದು ಕಟ್ಟು ಹಾಕಿದರೆ ಕೆಳಗಿನ ಗದ್ದೆಗೆ ಗೊತ್ತಾಗದೆ ಇರುವುದಿಲ್ಲ. ಉಬುಂಟು 2020ರ ಬಿಡುಗಡೆಗೇ 32 ಬಿಟ್ ಪಿಸಿಯನ್ನು ಬಿಟ್ಟಿತ್ತು.

ಇಷ್ಟೆಲ್ಲ ಕಾಯುವುದು, ಹೆಪ್ಪುಗಟ್ಟಿಸುವುದು ಬೇಕೇ ಎಂದು ಸಂಶಯಪಡುವವರು 2024ರ ಮಾರ್ಚ್ 29ನ್ನು ನೆನಪಿಸಿಕೊಳ್ಳಬೇಕು. ಎಕ್ಸ್‌ಝಡ್ ಎಂಬ, ಕಡತ ಒತ್ತಿ ಚಿಕ್ಕದು ಮಾಡುವ ಸಣ್ಣ ಪ್ಯಾಕೇಜಿನ ಹೊಸ ಆವೃತ್ತಿಯಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಅಂದು ಬಯಲಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಡೆಬಿಯನ್ ಸಿಡ್ ಯಂತ್ರದಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿದ್ದರಿಂದ ಸಿಕ್ಕಿದ್ದು. ಆ ಆವೃತ್ತಿ ಅನ್‌ಸ್ಟೇಬಲಿನಿಂದ ಟೆಸ್ಟಿಂಗಿಗೂ ಬಂದಿತ್ತು. ಸ್ಟೇಬಲ್ ಬಳಸುತ್ತಿದ್ದವರಿಗೆ ಮುಟ್ಟಲಿಲ್ಲ, ಏಕೆಂದರೆ ಅಲ್ಲಿ ಹಳೆಯ ಆವೃತ್ತಿಯೇ ಇತ್ತು. ಇನ್ನೊಂದು ವಿಷಯ ಗಮನಿಸಿ. ಕಳ್ಳ ಇಟ್ಟ ಬಾಗಿಲು ಎಎಂಡಿ64 ಲಿನಕ್ಸಿಗೆ ಕಂಪೈಲ್ ಮಾಡುವಾಗ ಮಾತ್ರ ಒಳಗೆ ಸೇರುತ್ತಿತ್ತು. ಎಲ್ಲರೂ ಒಂದೇ ಬಗೆಯ ಯಂತ್ರ ಬಳಸಿದರೆ ಕಳ್ಳನಿಗೂ ಕೆಲಸ ಸುಲಭ.

ಬದಲಾಗುವುದಿಲ್ಲ ಎಂಬ ಗುಣಕ್ಕೆ ಇನ್ನೊಂದು ಮುಖವೂ ಇದೆ, ಅದು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. ಹೆಪ್ಪುಗಟ್ಟುವ ಹೊತ್ತಿಗೆ ಕನ್ನಡದ ಜೋಡಣೆಯಲ್ಲಿ ಒಂದು ಸಣ್ಣ ತಪ್ಪು ಉಳಿದಿದ್ದರೆ, ಭದ್ರತೆಗೆ ಅದರಿಂದ ಅಪಾಯವಿಲ್ಲವಾದ್ದರಿಂದ, ಸಾಮಾನ್ಯವಾಗಿ ಅದು ಎರಡು ವರ್ಷ ಹಾಗೆಯೇ ಇರುತ್ತದೆ. ಹಾಗಾಗಿ ನಮ್ಮವರು ಪರೀಕ್ಷಿಸಬೇಕಾದದ್ದು ಬಿಡುಗಡೆಯಾದ ಮೇಲೆ ಅಲ್ಲ, ಹೆಪ್ಪುಗಟ್ಟುವ ಮೊದಲು. "ರ‍್ಯಾಂಕ್" ಎಂಬ ಒಂದು ಪದ ಬರೆದು ನೋಡಿ. ಪೂರ್ತಿ "ರ" ಮೇಲೆ ನಿಂತು "ಯ" ಒತ್ತಾಗಿ ಬಂದರೆ ಸರಿ. "ಯ"ದ ಪಕ್ಕ ಅರ್ಕಾವತ್ತು ಬಂದರೆ ಕೀಲಿಮಣೆಯಲ್ಲೋ ಫಾಂಟಿನಲ್ಲೋ ಹಾರ್ಫ್‌ಬಜ್‌ನಲ್ಲೋ ಏನೋ ತಪ್ಪಿದೆ. ಪಿಸಿಯಲ್ಲೂ, ಮಕ್ಕಳ ರಾಸ್ಪ್‌ಬೆರಿ ಪೈ ಇದ್ದರೆ ಅದರಲ್ಲೂ ನೋಡಿ. ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ತಪ್ಪಿದ್ದರೆ ಅದನ್ನೇ ಬರೆದು ತಿಳಿಸಿ. ಡೆಬಿಯನ್ನಿನ ದೋಷದ ವರದಿಯಲ್ಲಿ ಆರ್ಕಿಟೆಕ್ಚರ್ ಯಾವುದು ಎಂಬುದಕ್ಕೆ ಒಂದು ಸಾಲು ಇದ್ದೇ ಇರುತ್ತದೆ. ಮುಂದಿನ ಬಿಡುಗಡೆ 14ರ ಹೆಸರು ಫೋರ್ಕಿ.

ಕೊನೆಗೆ ನಿಮ್ಮ ಕೈಯಲ್ಲಿರುವ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ 32 ಬಿಟ್ ವಿಂಡೋಸ್ ಇದ್ದ ಮಾತ್ರಕ್ಕೆ ಯಂತ್ರವೂ 32 ಬಿಟ್ ಎಂದು ತೀರ್ಮಾನಿಸಿ ಎಸೆಯಬೇಡಿ. ಕೋರ್ 2 ಡ್ಯುಯೋ ಇದ್ದರೆ ಅದು 64 ಬಿಟ್, ಡೆಬಿಯನ್ 13 ಕೂರುತ್ತದೆ. ನಿಜವಾಗಿ ಹೊರಬೀಳುವುದು 2006ರ ಸುಮಾರಿನ ಕೋರ್ ಡ್ಯುಯೋ, ಅದಕ್ಕಿಂತ ಹಳೆಯ ಹೆಚ್ಚಿನವು, ಮತ್ತು ಆಟಂ ಎನ್270 ಹಾಕಿದ ಪುಟ್ಟ ನೆಟ್‌ಬುಕ್‌ಗಳು. ಸಂಶಯವಿದ್ದರೆ ಯಾವುದಾದರೂ ಹಳೆಯ ಲೈವ್ ಲಿನಕ್ಸನ್ನು ಪೆನ್‌ಡ್ರೈವಿನಿಂದ ಹತ್ತಿಸಿ, ಟರ್ಮಿನಲ್ಲಿನಲ್ಲಿ ಎಲ್, ಎಸ್, ಸಿ, ಪಿ, ಯು ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಒತ್ತಿ ಎಂಟರ್ ಕೊಡಿ. ಮೇಲಿನ ಸಾಲುಗಳಲ್ಲಿ 32 ಬಿಟ್ ಮತ್ತು 64 ಬಿಟ್ ಎರಡೂ ಕಂಡರೆ ಎಎಂಡಿ64ರ ಇನ್‌ಸ್ಟಾಲರ್ ಇಳಿಸಿಕೊಳ್ಳಿ. 32 ಮಾತ್ರ ಕಂಡರೆ ಡೆಬಿಯನ್ 12 ಹಾಕಿ. ಆಮೇಲೆ ಯಾರು ಹೇಳಿದರೂ 13ಕ್ಕೆ ಏರಿಸಬೇಡಿ. 12ಕ್ಕೆ ದೀರ್ಘಾವಧಿಯ ಭದ್ರತಾ ಸೇವೆ 2028ರ ಜೂನ್ 30ರವರೆಗೆ ಎಂದು ನಿಗದಿಯಾಗಿದೆ. ಆ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಡಿಗೆ ಅಂಟಿಸಿ ಕೊಟ್ಟರೆ, ಅದು ಕೈಗೆ ಬಂದ ಮೇಷ್ಟ್ರಿಗೂ ಗೊತ್ತಿರುತ್ತದೆ.